ಪೆಪ್ಟೈಡ್‌ನ ಅಣುತೂಕ: ಕೈಲೆಕ್ಕವೋ, ಎಕ್ಸೆಲ್ಲೋ, ವೆಬ್‌ಸೈಟೋ, ಪೈಥಾನೋ?

ಹಾಸನದಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಒಬ್ಬ ವಿದ್ಯಾರ್ಥಿನಿ ತನ್ನ ಪ್ರಾಜೆಕ್ಟ್‌ಗೆ ಟೆಂಪೊರಿನ್ ಎ ಅನ್ನುವ ಪೆಪ್ಟೈಡ್ ತರಿಸಿದಳು. ಹಸುಗಳ ಕೆಚ್ಚಲು ಬಾವಿಗೆ ಕಾರಣವಾಗುವ ಸ್ಟ್ಯಾಫೈಲೋಕಾಕಸ್ ಬ್ಯಾಕ್ಟೀರಿಯಾ ಮೇಲೆ ಅದು ಎಷ್ಟು ಕೆಲಸ ಮಾಡುತ್ತದೆ ಅಂತ ನೋಡುವ ಆಸೆ ಅವಳಿಗೆ. ದಿನಾ ಡೈರಿಗೆ ಹಾಲು ಹಾಕುವ ನಮ್ಮ ಜಿಲ್ಲೆಯಲ್ಲಿ ಕೆಚ್ಚಲು ಬಾವು ಅಂದರೆ ಏನು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಟೆಂಪೊರಿನ್ ಎ ಯುರೋಪಿನ ಒಂದು ಕಪ್ಪೆಯ ಚರ್ಮದಲ್ಲಿ 1996ರಲ್ಲಿ ಸಿಕ್ಕಿದ್ದು. 13 ಅಮೈನೋ ಆಮ್ಲಗಳ ಪುಟ್ಟ ಸರ. ಸರದ ಕೊನೆಯಲ್ಲಿ ಒಂದು ಅಮೈಡ್, ಅಂದರೆ ಆಮ್ಲದ ತುದಿಯ ಓಎಚ್ ಜಾಗದಲ್ಲಿ ಎನ್ಎಚ್2.

ಅವಳು ಲೆಕ್ಕ ಹಾಕಿದಾಗ ಬಂದದ್ದು 1396.88. ಪೆಪ್ಟೈಡ್ ಜೊತೆ ಬಂದ ಮಾಸ್ ಸ್ಪೆಕ್ (ಅಣುಗಳ ತೂಕ ಅಳೆಯುವ ಯಂತ್ರ) ಹಾಳೆಯಲ್ಲಿ ಪೀಕ್ ಇದ್ದದ್ದು 1396.90. "ಮ್ಯಾಚ್ ಆಯ್ತು ಮೇಡಂ" ಅಂದಳು. ನನಗೂ ಖುಷಿಯಾಯಿತು. ಆದರೆ ಅದೇ ಹಾಳೆಯಲ್ಲಿ ಇನ್ನೊಂದು ಪೀಕ್ ಇತ್ತು, 698.96ರಲ್ಲಿ. ಅದು ಎರಡು ಪ್ರೋಟಾನ್ ಹೊತ್ತ ಪೆಪ್ಟೈಡ್. ಯಂತ್ರ ತೂಕವನ್ನು ಚಾರ್ಜ್‌ನಿಂದ ಭಾಗಿಸಿ ತೋರಿಸುತ್ತದೆ. ಅವಳ 1396.88ಕ್ಕೆ ಎರಡು ಪ್ರೋಟಾನ್ ಸೇರಿಸಿ ಎರಡರಿಂದ ಭಾಗಿಸಿ ನೋಡಿದೆ. 699.45 ಬಂತು. ಅರ್ಧ ಡಾಲ್ಟನ್ (ಅಣುತೂಕದ ಅಳತೆ) ವ್ಯತ್ಯಾಸ. ಈ ಪೀಕ್‌ಗಳಲ್ಲಿ ಅರ್ಧ ಡಾಲ್ಟನ್ ಅಂದರೆ ಸಣ್ಣದಲ್ಲ.

ಎಲ್ಲಿ ತಪ್ಪಾಗಿತ್ತು? ಒಂದಲ್ಲ, ಎರಡು ಕಡೆ. ಕೊನೆಯ ಅಮೈಡ್ ಅನ್ನು ಅವಳು ಲೆಕ್ಕಕ್ಕೆ ತಂದಿರಲಿಲ್ಲ. ಆಮ್ಲದ ತುದಿ ಅಮೈಡ್ ಆದರೆ ತೂಕ 0.984 ಕಡಿಮೆಯಾಗುತ್ತದೆ. ಇನ್ನು ಮಾಸ್ ಸ್ಪೆಕ್ ತೋರಿಸುವುದು ಪೆಪ್ಟೈಡ್ ಜೊತೆಗೆ ಒಂದು ಪ್ರೋಟಾನ್ ಅನ್ನು, ಅಂದರೆ 1.007 ಜಾಸ್ತಿ. ಅದನ್ನೂ ಮರೆತಿದ್ದಳು. ಒಂದು ಕಡೆ 0.984 ಜಾಸ್ತಿ, ಇನ್ನೊಂದು ಕಡೆ 1.007 ಕಡಿಮೆ. ಎರಡೂ ತಪ್ಪು ಒಂದನ್ನೊಂದು ಹೊಡೆದುಹಾಕಿ 0.02 ಮಾತ್ರ ಉಳಿಯಿತು. ಇದು ಟೆಂಪೊರಿನ್‌ಗೆ ಮಾತ್ರ ಅಲ್ಲ, ತುದಿ ಅಮೈಡ್ ಆಗಿರುವ ಎಲ್ಲ ಪೆಪ್ಟೈಡ್‌ಗೂ ಕಾದಿರುವ ಗುಂಡಿ. ಅವಳು ಬಳಸಿದ ಕ್ಯಾಲ್ಕುಲೇಟರ್ ಸರಿಯಾಗಿಯೇ ಇತ್ತು. ನಾವು ಕೇಳಿದ ಪ್ರಶ್ನೆ ಸರಿ ಇರಲಿಲ್ಲ.

ಅಂದಿನಿಂದ ಮಕ್ಕಳು "ಯಾವ ಕ್ಯಾಲ್ಕುಲೇಟರ್ ಒಳ್ಳೇದು ಮೇಡಂ" ಅಂತ ಕೇಳಿದರೆ ನಾನು ವಾಪಸ್ ಕೇಳುವುದು ಇಷ್ಟೇ. ಆ ಸಂಖ್ಯೆಯನ್ನು ತೆಗೆದುಕೊಂಡು ಏನು ಮಾಡುತ್ತೀಯಾ? ಪುಡಿ ತೂಗುತ್ತೀಯಾ, ಪೀಕ್ ಹುಡುಕುತ್ತೀಯಾ? ಅದು ಗೊತ್ತಾದರೆ ದಾರಿ ಆರಿಸುವುದು ಸುಲಭ.

ಮೊದಲು ಯಾವ ತೂಕ ಬೇಕು ಅಂತ ನೋಡಿ

ಕಾರ್ಬನ್ ಎಲ್ಲ ಒಂದೇ ತೂಕದ್ದಲ್ಲ. ನೂರರಲ್ಲಿ ಸುಮಾರು ಒಂದು ಪರಮಾಣು 12ರ ಬದಲು 13 ತೂಗುತ್ತದೆ. ನೈಟ್ರೋಜನ್, ಆಕ್ಸಿಜನ್, ಗಂಧಕಕ್ಕೂ ಇಂಥ ಅಣ್ಣತಮ್ಮಂದಿರು, ಅಂದರೆ ಐಸೊಟೋಪ್‌ಗಳು, ಇದ್ದಾರೆ. ಎಲ್ಲರನ್ನೂ ಅವರವರ ಪಾಲಿಗೆ ತಕ್ಕಂತೆ ಸೇರಿಸಿ ಲೆಕ್ಕ ಹಾಕಿದರೆ ಬರುವುದು ಸರಾಸರಿ ತೂಕ. ಪ್ರತಿಯೊಂದರಲ್ಲೂ ಅತಿ ಹೆಚ್ಚು ಸಿಗುವ ಐಸೊಟೋಪ್ ಒಂದನ್ನೇ ತೆಗೆದುಕೊಂಡರೆ ಬರುವುದು ಮೊನೊಐಸೊಟೋಪಿಕ್ ತೂಕ.

ತಕ್ಕಡಿಗೆ ಸರಾಸರಿ ತೂಕ ಬೇಕು. ಯಾಕೆಂದರೆ ನೀವು ತೂಗುವ ಒಂದು ಮಿಲಿಗ್ರಾಂ ಪುಡಿಯಲ್ಲಿ ಎಲ್ಲ ಐಸೊಟೋಪ್‌ಗಳೂ ಬೆರೆತೇ ಇರುತ್ತವೆ. ಮಾಸ್ ಸ್ಪೆಕ್‌ಗೆ ಸಾಮಾನ್ಯವಾಗಿ ಮೊನೊಐಸೊಟೋಪಿಕ್ ಬೇಕು. ಒಳ್ಳೆ ಯಂತ್ರ ಆ ಐಸೊಟೋಪ್‌ಗಳನ್ನು ಬೇರೆ ಬೇರೆ ಪೀಕ್‌ಗಳಾಗಿ ಬಿಡಿಸಿ ತೋರಿಸುತ್ತದೆ. ಸಣ್ಣ ಪೆಪ್ಟೈಡ್‌ನಲ್ಲಿ ಮೊದಲ ಪೀಕೇ ಎಲ್ಲಕ್ಕಿಂತ ಎತ್ತರ. ತೂಕ ಸುಮಾರು 1800 ದಾಟಿದರೆ ಎರಡನೆಯದು ಮೇಲೇರಲು ಶುರುವಾಗುತ್ತದೆ. ಆಗ ಎತ್ತರದ ಪೀಕನ್ನೇ ಮೊನೊಐಸೊಟೋಪಿಕ್ ಅಂದುಕೊಂಡರೆ ಒಂದು ಡಾಲ್ಟನ್ ತಪ್ಪುತ್ತದೆ. ದೊಡ್ಡದಾದಷ್ಟೂ ಎರಡು ತೂಕಗಳ ನಡುವಿನ ಅಂತರವೂ ಬೆಳೆಯುತ್ತದೆ. ಮನುಷ್ಯರ ಇನ್ಸುಲಿನ್‌ಗೆ ಸರಾಸರಿ ಸುಮಾರು 5807.6, ಮೊನೊಐಸೊಟೋಪಿಕ್ ಸುಮಾರು 5803.6. ನಾಲ್ಕು ಡಾಲ್ಟನ್ ಅಂತರ.

ಇನ್ನೊಂದು ಎಚ್ಚರಿಕೆ. ಬ್ರಾಡಿಕೈನಿನ್ ಅನ್ನುವ 9 ಅಮೈನೋ ಆಮ್ಲದ ಪೆಪ್ಟೈಡ್ ಇದೆ. ಬಿಪಿ ಮಾತ್ರೆಗಳಲ್ಲಿ ಕೆಲವನ್ನು ತೆಗೆದುಕೊಂಡವರಿಗೆ ಒಣಕೆಮ್ಮು ಬರುತ್ತದಲ್ವಾ, ಅದರಲ್ಲಿ ಈ ಪೆಪ್ಟೈಡ್‌ನ ಕೈವಾಡ ಇದೆ. ಅದರ ಸರಾಸರಿ ತೂಕ 1060.22. ಮಾಸ್ ಸ್ಪೆಕ್‌ನಲ್ಲಿ ಒಂದು ಪ್ರೋಟಾನ್ ಹೊತ್ತ ಪೀಕ್ 1060.57. ಇವೆರಡೂ 1060ರ ಆಸುಪಾಸಿನಲ್ಲಿ ಇರುವುದರಿಂದ "ಸರಿಯಾಗಿದೆ, ಯಂತ್ರ ಸ್ವಲ್ಪ ಹೆಚ್ಚುಕಡಿಮೆ ತೋರಿಸಿದೆ" ಅನ್ನಿಸಿಬಿಡುತ್ತದೆ. ಹೋಲಿಸಬೇಕಾದದ್ದು ಮೊನೊಐಸೊಟೋಪಿಕ್ 1059.56ಕ್ಕೆ 1.007 ಸೇರಿಸಿ ಬಂದ ಸಂಖ್ಯೆಯನ್ನು. ಹಾಗೆ ನೋಡಿದರೆ ಯಂತ್ರ ಎಲ್ಲೂ ತಪ್ಪಿಲ್ಲ.

ಕೈಲೆಕ್ಕ

ಇದನ್ನು ಹಳೆಯ ಕಾಲದ್ದು ಅಂತ ಬಿಡಬೇಡಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ನಂಬಿಕೆ.

ಒಂದು ಅಮೈನೋ ಆಮ್ಲ ಇನ್ನೊಂದರ ಜೊತೆ ಸೇರುವಾಗ ಒಂದು ನೀರಿನ ಅಣು ಹೊರಗೆ ಹೋಗುತ್ತದೆ. ನೀರು ಹೋದ ಮೇಲೆ ಸರದಲ್ಲಿ ಉಳಿಯುವ ಭಾಗಕ್ಕೆ ರೆಸಿಡ್ಯೂ ಅನ್ನುತ್ತಾರೆ. ರೆಸಿಡ್ಯೂಗಳ ತೂಕ ಕೂಡಿಸಿ, ಎರಡು ತುದಿಗಳ ಸಲುವಾಗಿ ಕೊನೆಗೆ ಒಂದೇ ಒಂದು ನೀರಿನ ತೂಕ ಸೇರಿಸಬೇಕು. ಸರಾಸರಿ ತೂಕಗಳು ಹೀಗಿವೆ, ಬರೆದಿಟ್ಟುಕೊಳ್ಳಿ. ಗ್ಲೈಸಿನ್ 57.05, ಅಲನಿನ್ 71.08, ಸೆರಿನ್ 87.08, ಪ್ರೊಲಿನ್ 97.12, ವ್ಯಾಲಿನ್ 99.13, ಥ್ರಿಯೊನಿನ್ 101.11, ಸಿಸ್ಟಿನ್ 103.14, ಲ್ಯೂಸಿನ್ ಮತ್ತು ಐಸೊಲ್ಯೂಸಿನ್ 113.16, ಆಸ್ಪರಜಿನ್ 114.10, ಆಸ್ಪಾರ್ಟಿಕ್ ಆಮ್ಲ 115.09, ಗ್ಲುಟಮಿನ್ 128.13, ಲೈಸಿನ್ 128.17, ಗ್ಲುಟಾಮಿಕ್ ಆಮ್ಲ 129.12, ಮೆಥಿಯೊನಿನ್ 131.19, ಹಿಸ್ಟಿಡಿನ್ 137.14, ಫಿನೈಲ್‌ಅಲನಿನ್ 147.18, ಆರ್ಜಿನಿನ್ 156.19, ಟೈರೊಸಿನ್ 163.18, ಟ್ರಿಪ್ಟೊಫಾನ್ 186.21. ನೀರು 18.02.

ತರಗತಿಯಲ್ಲಿ ನಾನು ಮೊದಲು ಕೊಡುವುದು ಲ್ಯೂಸಿನ್ ಎನ್‌ಕೆಫಾಲಿನ್. ನಮ್ಮ ಮಿದುಳೇ ನೋವು ತಗ್ಗಿಸಲು ಮಾಡಿಕೊಳ್ಳುವ ಪೆಪ್ಟೈಡ್ ಇದು. 1975ರಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಇದನ್ನು ಹಂದಿಯ ಮಿದುಳಿನಿಂದ ತೆಗೆದು ತೋರಿಸಿದರು. ಐದೇ ಮಣಿ. ಟೈರೊಸಿನ್, ಗ್ಲೈಸಿನ್, ಗ್ಲೈಸಿನ್, ಫಿನೈಲ್‌ಅಲನಿನ್, ಲ್ಯೂಸಿನ್. ಮೇಲಿನ ಪಟ್ಟಿಯಿಂದ ಕೂಡಿಸಿದರೆ 537.62. ನೀರು ಸೇರಿಸಿದರೆ 555.64. ಹೆಚ್ಚು ದಶಮಾಂಶ ಇಟ್ಟುಕೊಂಡು ಮಾಡಿದರೆ 555.63.

ಇಲ್ಲಿ ಪ್ರತಿವರ್ಷ ಕೆಲವರು 627.69 ಬರೆದುಕೊಂಡು ಬರುತ್ತಾರೆ. ಅವರು ಬಾಟಲಿ ಮೇಲಿರುವ ಅಮೈನೋ ಆಮ್ಲದ ಪೂರ್ತಿ ತೂಕವನ್ನು ಕೂಡಿಸಿರುತ್ತಾರೆ. ಗ್ಲೈಸಿನ್‌ಗೆ 57ರ ಬದಲು 75.07. ಐದು ಮಣಿಗೆ ನಾಲ್ಕು ಗಂಟು, ನಾಲ್ಕು ನೀರು. 72.06 ಕಳೆದರೆ ಮತ್ತೆ 555.63 ಬರುತ್ತದೆ. ಒಂದು ಸಲ ಈ ತಪ್ಪನ್ನು ತಾವೇ ಮಾಡಿ ತಾವೇ ಸರಿ ಮಾಡಿಕೊಂಡವರು ಮುಂದೆ ಯಾವ ಕ್ಯಾಲ್ಕುಲೇಟರ್ ಏನು ಹೇಳಿದರೂ ಕಣ್ಣು ಮುಚ್ಚಿ ನಂಬುವುದಿಲ್ಲ.

ಕೈಲೆಕ್ಕದ ಇತಿಮಿತಿ ಗೊತ್ತೇ ಇದೆ. ಹತ್ತು, ಹನ್ನೆರಡು ಮಣಿಯವರೆಗೆ ಚೆನ್ನ. ಆಮೇಲೆ ಒಂದು ಅಕ್ಷರ ತಪ್ಪಿಹೋಗುವುದು ಗ್ಯಾರಂಟಿ. ಆಗಲೂ ಒಂದು ಅಂದಾಜು ಮಾಡಿಟ್ಟುಕೊಳ್ಳಿ. ರೆಸಿಡ್ಯೂ ಒಂದಕ್ಕೆ 110 ಅಂತ ಹಿಡಿದರೆ ಟೆಂಪೊರಿನ್‌ಗೆ 1430 ಬರುತ್ತದೆ, ನಿಜವಾದದ್ದು 1397ರ ಹತ್ತಿರ. ಕಂಪ್ಯೂಟರ್ 2500 ಅಂದರೆ ಎಲ್ಲೋ ಎಡವಿದ್ದೀರಿ ಅಂತ ತಕ್ಷಣ ಗೊತ್ತಾಗುತ್ತದೆ.

ಎಕ್ಸೆಲ್ ಅಥವಾ ಗೂಗಲ್ ಶೀಟ್

ನನಗೆ ತುಂಬಾ ಇಷ್ಟವಾದ ದಾರಿ ಇದು. ಒಂದು ಕಾಲಂನಲ್ಲಿ ಇಪ್ಪತ್ತು ಅಕ್ಷರ (ಪ್ರತಿ ಅಮೈನೋ ಆಮ್ಲಕ್ಕೂ ಒಂದು ಇಂಗ್ಲಿಷ್ ಅಕ್ಷರದ ಕೋಡ್ ಇದೆ), ಪಕ್ಕದಲ್ಲಿ ಸರಾಸರಿ ತೂಕ, ಅದರ ಪಕ್ಕ ಮೊನೊಐಸೊಟೋಪಿಕ್ ತೂಕ. ನಾಲ್ಕನೇ ಕಾಲಂನಲ್ಲಿ ಆ ಅಕ್ಷರ ಸರದಲ್ಲಿ ಎಷ್ಟು ಸಲ ಬಂದಿದೆ ಅಂತ ಎಣಿಸಬೇಕು. ಎಣಿಸುವುದಕ್ಕೆ ಲೆನ್ ಮತ್ತು ಸಬ್‌ಸ್ಟಿಟ್ಯೂಟ್ ಫಾರ್ಮುಲಾ ಸಾಕು. ಪೂರ್ತಿ ಸರದ ಉದ್ದದಿಂದ ಆ ಅಕ್ಷರ ತೆಗೆದ ಮೇಲಿನ ಉದ್ದ ಕಳೆದರೆ ಎಣಿಕೆ ಸಿಗುತ್ತದೆ. ಕೊನೆಗೆ ಸಮ್‌ಪ್ರಾಡಕ್ಟ್ ಹಾಕಿ ನೀರು ಸೇರಿಸಿದರೆ ಮುಗಿಯಿತು.

ಯಾಕೆ ಇಷ್ಟ ಅಂದರೆ, ಎಲ್ಲವೂ ಕಣ್ಣ ಮುಂದೆ ಇರುತ್ತದೆ. ಯಾವ ಅಕ್ಷರ ಎಷ್ಟು ಅಂತ ಕಾಣುತ್ತದೆ. ಅಮೈಡ್‌ಗೆ ಒಂದು ಸಾಲು, ತುದಿಯ ಅಸಿಟೈಲ್‌ಗೆ ಒಂದು ಸಾಲು, ಉಪ್ಪಿಗೆ ಒಂದು ಸಾಲು ಸೇರಿಸಿಕೊಳ್ಳಬಹುದು. ಇಂಟರ್ನೆಟ್ ಬೇಡ. ಶಿರಾಡಿ ಘಾಟ್ ಕಡೆಯ ಮಕ್ಕಳಿಗೆ ಜುಲೈ ತಿಂಗಳಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇದ್ದರೆ ಶೀಟ್ ಕೆಲಸ ಮಾಡುತ್ತದೆ.

ಒಂದೇ ಒಂದು ಮುಳ್ಳು ಇದೆ. ಸಬ್‌ಸ್ಟಿಟ್ಯೂಟ್ ಫಾರ್ಮುಲಾಗೆ ಇಂಗ್ಲಿಷ್‌ನ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಸರದಲ್ಲಿ ಒಂದು ಚಿಕ್ಕಕ್ಷರ ನುಸುಳಿದರೆ ಅದು ಎಣಿಕೆಗೇ ಬರುವುದಿಲ್ಲ. ಶೀಟ್ ಕೂಡ ಏನೂ ಅನ್ನದೆ ಕಡಿಮೆ ತೂಕ ಕೊಟ್ಟುಬಿಡುತ್ತದೆ. ಅದಕ್ಕೇ ಎಣಿಕೆಗಳ ಮೊತ್ತವೂ ಸರದ ಉದ್ದವೂ ಒಂದೇ ಇದೆಯಾ ಅಂತ ನೋಡುವ ಒಂದು ಸೆಲ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕೆಂಪಾಗಲಿ.

ವೆಬ್‌ಸೈಟ್ ಕ್ಯಾಲ್ಕುಲೇಟರ್‌ಗಳು

ಎಲ್ಲಕ್ಕಿಂತ ಜಾಸ್ತಿ ಜನ ಬಳಸುವುದು ಇವನ್ನೇ. ಆದರೆ ಇವುಗಳಲ್ಲಿ ಒಂದೊಂದರ ಉದ್ದೇಶ ಒಂದೊಂದು. ಅದು ಗೊತ್ತಿಲ್ಲದೆ ಬಳಸುವುದರಿಂದಲೇ ಹೆಚ್ಚಿನ ಗೊಂದಲ ಆಗುತ್ತದೆ.

ಸ್ವಿಟ್ಜರ್ಲೆಂಡಿನ ಎಕ್ಸ್‌ಪಾಸಿ 1993ರಿಂದ ಇದೆ. ಅದರ ಪ್ರೋಟ್‌ಪ್ಯಾರಮ್ ಪ್ರೋಟೀನ್‌ಗಳಿಗಾಗಿ ಮಾಡಿದ್ದು. ಸರಾಸರಿ ತೂಕ ಕೊಡುತ್ತದೆ. ಜೊತೆಗೆ 280 ನ್ಯಾನೋಮೀಟರ್‌ನಲ್ಲಿ ಬೆಳಕು ಎಷ್ಟು ಹೀರುತ್ತದೆ ಅನ್ನುವ ಲೆಕ್ಕವೂ ಸಿಗುತ್ತದೆ. ಅದು ನಿಜಕ್ಕೂ ಉಪಯೋಗ. ಆದರೆ ಅಮೈಡ್, ಅಸಿಟೈಲ್ ಇಂಥವನ್ನು ಅದಕ್ಕೆ ಹೇಳಲು ದಾರಿ ಇಲ್ಲ. ನೀವೇ ಕಳೆದು ಕೂಡಿಸಬೇಕು. ಅದೇ ಎಕ್ಸ್‌ಪಾಸಿಯಲ್ಲಿ ಐಸೊಎಲೆಕ್ಟ್ರಿಕ್ ಪಾಯಿಂಟ್ (ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್) ಮತ್ತು ತೂಕ ಲೆಕ್ಕ ಹಾಕುವ ಇನ್ನೊಂದು ಸಾಧನ ಇದೆ. ಅಲ್ಲಿ ಸರಾಸರಿ ಬೇಕೋ ಮೊನೊಐಸೊಟೋಪಿಕ್ ಬೇಕೋ ಅಂತ ಆರಿಸಬಹುದು.

ಪೆಪ್‌ಕ್ಯಾಲ್ಕ್, ಬಾಕೆಮ್, ಜೆನ್‌ಸ್ಕ್ರಿಪ್ಟ್ ತರಹದವು ಸಿಂಥೆಟಿಕ್ ಪೆಪ್ಟೈಡ್‌ಗೆಂದೇ ಮಾಡಿದವು. ಎರಡು ತುದಿಗಳನ್ನೂ ಬದಲಿಸಲು ಅಲ್ಲಿ ಜಾಗ ಇದೆ. ಕೊಂಡು ತಂದ ಪೆಪ್ಟೈಡ್‌ಗೆ ನನ್ನ ಮೊದಲ ಆಯ್ಕೆ ಈ ಗುಂಪಿನದ್ದೇ. ತುದಿ ಏನು ಅಂತ ಆ ಪುಟವೇ ನಿಮ್ಮನ್ನು ಕೇಳುತ್ತದೆ. ನನ್ನ ವಿದ್ಯಾರ್ಥಿನಿ ಅಂಥ ಪುಟದಲ್ಲಿ ಲೆಕ್ಕ ಹಾಕಿದ್ದರೆ ಅಮೈಡ್ ನೆನಪಾಗುತ್ತಿತ್ತೇನೋ.

ಪೀಕ್ ಹುಡುಕುವವರಿಗೆ ಕ್ಯಾಲಿಫೋರ್ನಿಯಾದ ಪ್ರೋಟೀನ್ ಪ್ರಾಸ್ಪೆಕ್ಟರ್. ಪೆಪ್ಟೈಡ್ ಮುರಿದರೆ ಯಾವ ಯಾವ ತುಂಡು ಎಷ್ಟು ತೂಗುತ್ತದೆ ಅಂತ ಪೂರ್ತಿ ಪಟ್ಟಿ ಕೊಡುತ್ತದೆ. ಇದು ಯಾಕೆ ಮುಖ್ಯ ಅಂದರೆ, ಬರೀ ಒಟ್ಟು ತೂಕದಿಂದ ಸರದ ಕ್ರಮ ಗೊತ್ತಾಗುವುದೇ ಇಲ್ಲ. ಅಕ್ಷರಗಳನ್ನು ಹೇಗೆ ಹಿಂದುಮುಂದು ಮಾಡಿದರೂ ತೂಕ ಅದೇ. ಲ್ಯೂಸಿನ್ ಇದ್ದ ಕಡೆ ಐಸೊಲ್ಯೂಸಿನ್ ಬಂದರೂ ಅದೇ. ಎರಡು ಗ್ಲೈಸಿನ್ ಸೇರಿದರೆ ಸರಿಯಾಗಿ ಒಂದು ಆಸ್ಪರಜಿನ್‌ನ ತೂಕ, ಒಂದು ಗ್ಲೈಸಿನ್ ಮತ್ತು ಒಂದು ಅಲನಿನ್ ಸೇರಿದರೆ ಒಂದು ಗ್ಲುಟಮಿನ್‌ನ ತೂಕ. "ತೂಕ ಸರಿ ಇದೆ, ಹಾಗಾಗಿ ಪೆಪ್ಟೈಡ್ ಸರಿ ಇದೆ" ಅನ್ನುವ ಮಾತು ಅರ್ಧ ಮಾತ್ರ ನಿಜ.

ಎರಡು ಕ್ಯಾಲ್ಕುಲೇಟರ್ ಎರಡನೇ ದಶಮಾಂಶದಲ್ಲಿ ಜಗಳ ಆಡಿದರೆ ತಲೆ ಕೆಡಿಸಿಕೊಳ್ಳಬೇಡಿ. ಬ್ರಾಡಿಕೈನಿನ್‌ಗೆ ಒಂದು ಕಡೆ 1060.21, ಇನ್ನೊಂದು ಕಡೆ 1060.22 ಕಾಣುತ್ತದೆ. ಕಾರ್ಬನ್‌ನ ತೂಕವನ್ನು 12.0107 ಅಂತ ಹಿಡಿದಿದ್ದಾರೋ 12.011 ಅಂತ ಹಿಡಿದಿದ್ದಾರೋ ಅನ್ನುವುದಷ್ಟೇ ವ್ಯತ್ಯಾಸ. 50 ಕಾರ್ಬನ್ ಇರುವ ಅಣುವಿನಲ್ಲಿ ಅದೇ 0.015 ಆಗುತ್ತದೆ. ಆದರೆ ವ್ಯತ್ಯಾಸ 1, 2, 16, 18, 42 ಇಂಥ ಸಂಖ್ಯೆ ಆದರೆ ನಿಲ್ಲಿ. ಅದರಲ್ಲಿ ಏನೋ ಸುದ್ದಿ ಇದೆ. 1 ಕಡಿಮೆ ಇದ್ದರೆ ಅಮೈಡ್. 2 ಕಡಿಮೆ ಇದ್ದರೆ ಎರಡು ಸಿಸ್ಟಿನ್ ಸೇರಿ ಗಂಧಕದ ಸೇತುವೆ ಕಟ್ಟಿವೆ. 16 ಜಾಸ್ತಿಯಾದರೆ ಮೆಥಿಯೊನಿನ್‌ಗೆ ಆಕ್ಸಿಜನ್ ಹತ್ತಿರಬಹುದು. 42 ಜಾಸ್ತಿಯಾದರೆ ಅಸಿಟೈಲ್, 80 ಆದರೆ ಫಾಸ್ಫೇಟ್. 22 ಜಾಸ್ತಿ ಕಂಡರೆ ಪೆಪ್ಟೈಡ್ ಬದಲಾಗಿಲ್ಲ, ಪ್ರೋಟಾನ್ ಜಾಗದಲ್ಲಿ ಸೋಡಿಯಂ ಬಂದು ಕೂತಿದೆ. 56 ಜಾಸ್ತಿ ಉಳಿದಿದ್ದರೆ ತಯಾರಿಸುವಾಗ ಹಾಕಿದ ಟರ್ಷರಿ ಬ್ಯೂಟೈಲ್ ಮುಚ್ಚಳ ಪೂರ್ತಿ ಬಿಟ್ಟಿಲ್ಲ ಅಂತ ಅನುಮಾನ ಪಡಬೇಕು.

ಹೆರಿಗೆ ವಾರ್ಡಿನಲ್ಲಿ ಕೊಡುವ ಆಕ್ಸಿಟೋಸಿನ್ ಇದಕ್ಕೆ ಚೆನ್ನಾದ ಅಭ್ಯಾಸ. 9 ಮಣಿ. ಬರೀ ಅಕ್ಷರ ಹಾಕಿದರೆ 1010.19 ಬರುತ್ತದೆ. ತುದಿ ಅಮೈಡ್ ಆದ್ದರಿಂದ 0.98 ಕಳೆಯಿರಿ. ಎರಡು ಸಿಸ್ಟಿನ್ ನಡುವೆ ಸೇತುವೆ ಇದೆ, 2.02 ಕಳೆಯಿರಿ. 1007.19. ಔಷಧದ ಪುಸ್ತಕದಲ್ಲಿ ಇರುವ ತೂಕ ಇದೇ. ಡು ವಿನ್ಯೋ ಇದನ್ನು 1953ರಲ್ಲಿ ಲ್ಯಾಬ್‌ನಲ್ಲಿ ಕಟ್ಟಿದರು, 1955ರಲ್ಲಿ ನೊಬೆಲ್ ಬಂತು.

ಒಂದಕ್ಷರದ ಕೋಡ್ ಕೇಳುವ ಪುಟಕ್ಕೆ ಮೂರಕ್ಷರದ ಕೋಡ್ ಅಂಟಿಸಬೇಡಿ. ಎ ಎಲ್ ಎ ಅಂತ ಬರೆದರೆ ನೀವು ಹೇಳಿದ್ದು ಒಂದು ಅಲನಿನ್. ಪುಟ ಓದುವುದು ಅಲನಿನ್, ಲ್ಯೂಸಿನ್, ಅಲನಿನ್ ಅಂತ. ಇನ್ನು ಪೇಟೆಂಟ್‌ಗೆ ಹೋಗುವ ಯೋಚನೆ ಇರುವ ಸರವನ್ನು ಯಾರದೋ ವೆಬ್‌ಸೈಟ್‌ಗೆ ಹಾಕದಿರುವುದೇ ಒಳ್ಳೆಯದು. ಅದಕ್ಕೆ ನಿಮ್ಮ ಶೀಟ್ ಇದೆ.

ಪೈಥಾನ್

ಒಂದೆರಡು ಪೆಪ್ಟೈಡ್ ಇದ್ದರೆ ಬೇಡ. ಐವತ್ತು, ನೂರು ಇದ್ದರೆ ಇದೇ ಬೇಕು. ಬಯೋಪೈಥಾನ್ ಉಚಿತ. ಅದರಲ್ಲಿ ಅಣುತೂಕಕ್ಕೆಂದೇ ಒಂದು ಫಂಕ್ಷನ್ ಇದೆ. ಮೊನೊಐಸೊಟೋಪಿಕ್ ಬೇಕಾದರೆ ಹಾಗೆ ಹೇಳಬಹುದು, ಇಲ್ಲದಿದ್ದರೆ ಸರಾಸರಿ.

ಇಲ್ಲಿನ ಗುಂಡಿ ವಿಚಿತ್ರವಾದದ್ದು. ಕೊಟ್ಟದ್ದು ಪ್ರೋಟೀನ್ ಅಂತ ನೀವು ಹೇಳದಿದ್ದರೆ ಆ ಫಂಕ್ಷನ್ ಅದನ್ನು ಡಿಎನ್ಎ ಅಂದುಕೊಳ್ಳುತ್ತದೆ. ಹೆಚ್ಚಿನ ಪೆಪ್ಟೈಡ್‌ಗಳಲ್ಲಿ ಡಿಎನ್ಎಗೆ ಸೇರದ ಅಕ್ಷರ ಇರುವುದರಿಂದ ಅದು ಎರರ್ ಕೊಟ್ಟು ನಿಲ್ಲುತ್ತದೆ, ಬಚಾವ್. ಆದರೆ ಅಲನಿನ್, ಸಿಸ್ಟಿನ್, ಗ್ಲೈಸಿನ್, ಥ್ರಿಯೊನಿನ್ ಮಾತ್ರ ಇರುವ ಪುಟ್ಟ ಪೆಪ್ಟೈಡ್ ಆದರೆ? ಎ, ಸಿ, ಜಿ, ಟಿ. ನಾಲ್ಕೂ ಡಿಎನ್ಎ ಅಕ್ಷರಗಳೇ. ಏನೂ ಎರರ್ ಬಾರದೆ ಬೇರೆಯದೇ ತೂಕ ಬಂದು ಕೂರುತ್ತದೆ. ಪ್ರತಿ ಸಲವೂ ಪ್ರೋಟೀನ್ ಅಂತ ಬಾಯಿಬಿಟ್ಟು ಹೇಳಿ.

ಚಿತ್ರ ಬರೆದು ಲೆಕ್ಕ

ಇಪ್ಪತ್ತು ಅಕ್ಷರದಲ್ಲಿ ಇಲ್ಲದ ವಸ್ತು ಸರದಲ್ಲಿದ್ದರೆ ಮೇಲಿನ ಯಾವುದೂ ಪೂರ್ತಿ ಸಾಲದು. ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ಕೊಡುವ ಸೆಮಾಗ್ಲುಟೈಡ್ ನೋಡಿ. ಅದರಲ್ಲಿ ಎಐಬಿ ಅನ್ನುವ ಮಾಮೂಲಿಯಲ್ಲದ ಅಮೈನೋ ಆಮ್ಲ ಇದೆ, ಒಂದು ಲೈಸಿನ್‌ಗೆ ಉದ್ದನೆಯ ಕೊಬ್ಬಿನ ಬಾಲ ಅಂಟಿಸಿದ್ದಾರೆ. ತೂಕ 4113.58. ಅಕ್ಷರ ಮಾತ್ರ ಓದುವ ಕ್ಯಾಲ್ಕುಲೇಟರ್‌ನಿಂದ ಈ ಸಂಖ್ಯೆ ಬರುವುದಿಲ್ಲ. ಇಂಥದ್ದಕ್ಕೆ ಕೆಮ್‌ಡ್ರಾದಲ್ಲಿ ರಚನೆ ಬರೆದು ತೂಕ ಕೇಳುವುದು ಭದ್ರ. ಕೆಮ್‌ಡ್ರಾ ದುಬಾರಿ. ಪಬ್‌ಕೆಮ್‌ನ ಚಿತ್ರ ಬರೆಯುವ ಪುಟ ಉಚಿತ. ಅಲ್ಲಿ ತೋರಿಸುವ ಎರಡು ಸಂಖ್ಯೆಗಳಲ್ಲಿ ಯಾವುದು ಸರಾಸರಿ, ಯಾವುದು ಮೊನೊಐಸೊಟೋಪಿಕ್ ಅಂತ ನೋಡಿಕೊಂಡೇ ಬರೆದುಕೊಳ್ಳಿ.

ಪುಡಿ ತೂಗುವವರು ಇಲ್ಲಿ ನಿಧಾನಿಸಿ

ಎರಡನೇ ದಶಮಾಂಶಕ್ಕೆ ಇಷ್ಟು ಜಗಳ ಆಡುವ ನಾವು ನೂರಕ್ಕೆ 14ರಷ್ಟು ತಪ್ಪನ್ನು ನೋಡದೇ ಬಿಡುತ್ತೇವೆ. ನನಗೆ ನಿಜಕ್ಕೂ ಬೇಸರ ತರುವುದು ಇದೇ.

ಕೊಂಡು ತಂದ ಪೆಪ್ಟೈಡ್ ಸಾಮಾನ್ಯವಾಗಿ ಟಿಎಫ್ಎ ಉಪ್ಪಾಗಿ ಬರುತ್ತದೆ. ಶುದ್ಧ ಮಾಡುವಾಗ ಬಳಸಿದ ಟ್ರೈಫ್ಲೋರೋಅಸಿಟಿಕ್ ಆಮ್ಲ, ಪೆಪ್ಟೈಡ್‌ನಲ್ಲಿರುವ ಪ್ರತಿ ಕ್ಷಾರೀಯ ಜಾಗಕ್ಕೂ ಒಂದರಂತೆ ಅಂಟಿಕೊಳ್ಳುತ್ತದೆ. ಮೊದಲ ತುದಿಯ ಅಮೈನ್, ಆರ್ಜಿನಿನ್, ಲೈಸಿನ್, ಹಿಸ್ಟಿಡಿನ್ ಎಣಿಸಿ. ಟೆಂಪೊರಿನ್ ಎಗೆ ತುದಿ ಒಂದು, ಆರ್ಜಿನಿನ್ ಒಂದು, ಒಟ್ಟು ಎರಡು. ಒಂದು ಟಿಎಫ್ಎ 114.02. ಎರಡಕ್ಕೆ 228.05. ಉಪ್ಪು ಸೇರಿದ ತೂಕ 1624.83. ಅದರಲ್ಲಿ ನಿಜವಾದ ಪೆಪ್ಟೈಡ್ 86 ಭಾಗ. ಆರ್ಜಿನಿನ್ ಎರಡಿರುವ ಬ್ರಾಡಿಕೈನಿನ್‌ನಲ್ಲಿ ಮೂರು ಟಿಎಫ್ಎ, ಪೆಪ್ಟೈಡ್ 76 ಭಾಗ ಮಾತ್ರ. ಇದರ ಮೇಲೆ ಪುಡಿ ಹೀರಿಕೊಂಡ ನೀರು ಬೇರೆ.

ಇದನ್ನು ಹೇಳುತ್ತಿದ್ದಾಗ ನನ್ನ ವಿದ್ಯಾರ್ಥಿನಿ ಸಟ್ಟನೆ ಅಂದಳು, "ಇದು ಓಟಿ ತರಾನೇ ಅಲ್ವಾ ಮೇಡಂ?" ಅವಳ ಮನೆಯಲ್ಲಿ ಕಾಫಿ ತೋಟ. ಚೆರ್ರಿ ಕಾಫಿಯ ಮೂಟೆ 50 ಕೆಜಿ. ಆದರೆ ಸಿಪ್ಪೆ ಹೋದ ಮೇಲೆ ಅದರಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವುದೇ ಔಟ್‌ಟರ್ನ್, ಊರ ಬಾಯಲ್ಲಿ ಓಟಿ. ಓಟಿ 26 ಅಂದರೆ 50 ಕೆಜಿಗೆ 26 ಕೆಜಿ ಕ್ಲೀನ್ ಕಾಫಿ. ಬೆಲೆ ಕಟ್ಟುವವರು ಮೂಟೆ ತೂಕ ನೋಡಿ ಸುಮ್ಮನಾಗುವುದಿಲ್ಲ, ಓಟಿ ಕೇಳುತ್ತಾರೆ, ತೇವಾಂಶ ನೋಡುತ್ತಾರೆ. ಪೆಪ್ಟೈಡ್ ಕೊಳ್ಳುವವರೂ ಹಾಗೇ ಕೇಳಬೇಕು. ಇದಕ್ಕೆ ನೆಟ್ ಪೆಪ್ಟೈಡ್ ಕಂಟೆಂಟ್ ಅನ್ನುತ್ತಾರೆ. ನನಗೆ ಇದಕ್ಕಿಂತ ಚೆನ್ನಾದ ಉದಾಹರಣೆ ಹೊಳೆದಿರಲಿಲ್ಲ. ಈಗ ತರಗತಿಯಲ್ಲಿ ಅವಳ ಮಾತನ್ನೇ ಬಳಸುತ್ತೇನೆ.

ಹಾಳೆಯಲ್ಲಿ "ಶುದ್ಧತೆ 95" ಅಂತ ಇರುತ್ತದಲ್ಲ, ಅದು ಓಟಿ ಅಲ್ಲ. ಎಚ್‌ಪಿಎಲ್‌ಸಿಯಲ್ಲಿ (ಬೆರೆತ ವಸ್ತುಗಳನ್ನು ಬೇರ್ಪಡಿಸಿ ನೋಡುವ ವಿಧಾನ) ಕಂಡ ಪೆಪ್ಟೈಡ್‌ಗಳ ಪೈಕಿ ನಿಮ್ಮದು 95 ಭಾಗ ಅಂತ ಅದರ ಅರ್ಥ. ಉಪ್ಪು, ನೀರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಒಳ್ಳೆ ಬೀಜದ ಜೊತೆ ಕಪ್ಪು ಬೀಜ ಎಷ್ಟಿದೆ ಅಂತ ಹೇಳಿದ ಹಾಗೆ, ಸಿಪ್ಪೆ ಎಷ್ಟು ಅಂತ ಹೇಳಿದ ಹಾಗಲ್ಲ.

ಈಗ ಶೀಶೆಯಲ್ಲಿ 5 ಮಿಲಿಗ್ರಾಂ ಟೆಂಪೊರಿನ್ ಪುಡಿ ಇದೆ, 1 ಮಿಲಿಮೋಲಾರ್ ದ್ರಾವಣ ಬೇಕು ಅಂದುಕೊಳ್ಳಿ. ಎಲ್ಲವೂ ಪೆಪ್ಟೈಡ್ ಅಂತ ನಂಬಿದರೆ 3.58 ಮಿಲಿಲೀಟರ್‌ಗೆ ಕರಗಿಸುತ್ತೀರಿ. ಉಪ್ಪು ಕಳೆದರೆ ಪೆಪ್ಟೈಡ್ 4.3 ಮಿಲಿಗ್ರಾಂ, ಕರಗಿಸಬೇಕಾದದ್ದು 3.08 ಮಿಲಿಲೀಟರ್‌ಗೆ. ಮೊದಲಿನ ಹಾಗೆ ಮಾಡಿದವರ ದ್ರಾವಣ 1 ಅಲ್ಲ, 0.86. ಬ್ಯಾಕ್ಟೀರಿಯಾ ಸಾಯಲು ಎಷ್ಟು ಪೆಪ್ಟೈಡ್ ಬೇಕು ಅಂತ ಹುಡುಕುವ ಕೆಲಸದಲ್ಲಿ ಇದು ನೇರವಾಗಿ ಉತ್ತರವನ್ನೇ ಬದಲಿಸುತ್ತದೆ. ಅದೇ ಲೆಕ್ಕದಲ್ಲಿ ಸರಾಸರಿಯ ಬದಲು ಮೊನೊಐಸೊಟೋಪಿಕ್ ತೂಕ ಹಾಕಿದ್ದರೆ ಆಗುತ್ತಿದ್ದ ತಪ್ಪು ನೂರಕ್ಕೆ 0.1ಕ್ಕಿಂತಲೂ ಕಡಿಮೆ.

ಪೆಪ್ಟೈಡ್‌ನಲ್ಲಿ ಟ್ರಿಪ್ಟೊಫಾನ್ ಅಥವಾ ಟೈರೊಸಿನ್ ಇದ್ದರೆ 280 ನ್ಯಾನೋಮೀಟರ್‌ನಲ್ಲಿ ಅಳೆದು ಸಾಂದ್ರತೆಯನ್ನು ನೀವೇ ಪರೀಕ್ಷಿಸಬಹುದು. ಬೆಳಕು ಹೀರುವ ಗುಣಾಂಕ ಟ್ರಿಪ್ಟೊಫಾನ್‌ಗೆ 5500, ಟೈರೊಸಿನ್‌ಗೆ 1490 ಹಿಡಿಯಿರಿ. ಎನ್‌ಕೆಫಾಲಿನ್‌ಗೆ ಇದು ನಡೆಯುತ್ತದೆ. ಟೆಂಪೊರಿನ್‌ನಲ್ಲಿ ಎರಡೂ ಇಲ್ಲ. ಆಗ ಸಪ್ಲೈಯರ್‌ಗೆ ಮೇಲ್ ಹಾಕಿ ನೆಟ್ ಪೆಪ್ಟೈಡ್ ಕಂಟೆಂಟ್ ಎಷ್ಟು ಅಂತ ಕೇಳುವುದು ಅಥವಾ ಅಮೈನೋ ಆಮ್ಲ ವಿಶ್ಲೇಷಣೆ ಮಾಡಿಸುವುದು ಸರಿಯಾದ ದಾರಿ. ನಮ್ಮ ಕಡೆಯ ಮಳೆಗಾಲದ ಒದ್ದೆ ಹವೆಗೆ ಇನ್ನೊಂದು ಮಾತು. ಫ್ರೀಜರ್‌ನಿಂದ ತೆಗೆದ ಶೀಶೆಯ ಮುಚ್ಚಳವನ್ನು ತಕ್ಷಣ ತೆರೆಯಬೇಡಿ. ತಣ್ಣನೆ ಪುಡಿಯ ಮೇಲೆ ತೇವ ಕೂತು, ತೂಗುವಷ್ಟರಲ್ಲಿ ಓಟಿ ಇನ್ನೂ ಇಳಿದಿರುತ್ತದೆ. ರೂಮಿನ ಬಿಸಿಗೆ ಬರಲಿ, ಆಮೇಲೆ ತೆರೆಯಿರಿ.

ಹಾಗಾದರೆ ಯಾರಿಗೆ ಯಾವುದು?

ಬಿಎಸ್ಸಿ, ಎಂಎಸ್ಸಿ ಮಕ್ಕಳು ಮೊದಲ ಐದು ಪೆಪ್ಟೈಡ್ ಕೈಯಲ್ಲೇ ಮಾಡಿ. ಆಮೇಲೆ ನಿಮ್ಮದೇ ಶೀಟ್ ಕಟ್ಟಿಕೊಳ್ಳಿ. ಬೇರೆಯವರ ಶೀಟ್ ತೆಗೆದುಕೊಂಡರೆ ಅದರೊಳಗಿನ ತಪ್ಪೂ ಜೊತೆಗೆ ಬರುತ್ತದೆ. ಪೆಪ್ಟೈಡ್ ಆರ್ಡರ್ ಮಾಡುವವರು ತುದಿ ಕೇಳುವ ಕ್ಯಾಲ್ಕುಲೇಟರ್ ಬಳಸಿ, ಆರ್ಡರ್ ಹಾಳೆಯಲ್ಲಿ ಬರೆದ ತುದಿಯನ್ನೇ ಅಲ್ಲೂ ಹಾಕಿ. ಸ್ಯಾಂಪಲ್ ಅನ್ನು ಬೆಂಗಳೂರಿಗೋ ಮೈಸೂರಿಗೋ ಮಾಸ್ ಸ್ಪೆಕ್‌ಗೆ ಕಳಿಸುವವರು ಮೊನೊಐಸೊಟೋಪಿಕ್ ತೂಕದಿಂದ ಒಂದು, ಎರಡು, ಮೂರು ಪ್ರೋಟಾನ್‌ನ ಪೀಕ್‌ಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಒಂದು ಪೀಕ್ ಹೊಂದಿದರೆ ಸಾಲದು, ಎರಡನೆಯದೂ ಹೊಂದಬೇಕು. ಮೊದಲ ದಿನವೇ ನಾವು ಹಾಗೆ ಮಾಡಿದ್ದರೆ ಆ ಅಮೈಡ್ ಅಲ್ಲೇ ಸಿಕ್ಕಿಬೀಳುತ್ತಿತ್ತು. ಪಟ್ಟಿ ಉದ್ದ ಇದ್ದರೆ ಪೈಥಾನ್, ರಚನೆ ವಿಚಿತ್ರ ಇದ್ದರೆ ಚಿತ್ರ. ದಾರಿ ಯಾವುದೇ ಇರಲಿ, ಕನಿಷ್ಠ ಎರಡು ಬೇರೆ ಬೇರೆ ದಾರಿಯಲ್ಲಿ ಮಾಡಿ ನೋಡಿ.

ಆ ವಿದ್ಯಾರ್ಥಿನಿಯ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಈಗ ಹೀಗೆ ಬರೆದಿದೆ: ಟೆಂಪೊರಿನ್ ಎ, 13 ಮಣಿ, ತುದಿ ಅಮೈಡ್. ಸರಾಸರಿ 1396.78. ಮೊನೊಐಸೊಟೋಪಿಕ್ 1395.90. ಒಂದು ಪ್ರೋಟಾನ್ ಪೀಕ್ 1396.90, ಎರಡು ಪ್ರೋಟಾನ್ ಪೀಕ್ 698.96. ಟಿಎಫ್ಎ ಎರಡು, ಉಪ್ಪು ಸೇರಿ 1624.83. ಅದರ ಕೆಳಗೆ ಪೆನ್ಸಿಲ್‌ನಲ್ಲಿ, "ಓಟಿ ಎಷ್ಟು ಅಂತ ಸಪ್ಲೈಯರ್‌ಗೆ ಕೇಳಬೇಕು."